ಹೆಲೀನ್ ಚಂಡಮಾರುತ: 400 ಕಿ.ಮೀ. ದೂರದ ಸೇನೆಗೆ ಆದೇಶ ಸಿಗಲು ಅಷ್ಟು ದಿನ ಏಕೆ?

ಬೆಟ್ಟದಹಾದಿ:
2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಫ್ಲೋರಿಡಾ ಕರಾವಳಿಗೆ ಅಪ್ಪಳಿಸಿತು. ಮರುದಿನ ಉತ್ತರ ಕೆರೊಲೈನಾದ ಬೆಟ್ಟದೂರುಗಳಲ್ಲಿ ಪ್ರವಾಹ. ಅಮೆರಿಕ ಸೇನೆಯ 82ನೇ ಏರ್‌ಬೋರ್ನ್ ಡಿವಿಷನ್ ಇರುವುದು ಅದೇ ರಾಜ್ಯದಲ್ಲಿ, ಪ್ರವಾಹಕ್ಕೆ ಸಿಕ್ಕ ಆ್ಯಶ್‌ವಿಲ್ ನಗರದಿಂದ ರಸ್ತೆಯಲ್ಲಿ ಸುಮಾರು 400 ಕಿ.ಮೀ. ಆದರೂ 1,000 ಸೈನಿಕರನ್ನು ಕಳಿಸುವ ಆದೇಶ ಹೊರಟದ್ದು ಅಕ್ಟೋಬರ್ 2ಕ್ಕೆ. 18 ಗಂಟೆಯಲ್ಲಿ ಯುದ್ಧಕ್ಕೆ ಹೊರಡಬಲ್ಲ ಪಡೆಯನ್ನು ಪಕ್ಕದ ಬೆಟ್ಟಕ್ಕೆ ಕಳಿಸಲು ಇಷ್ಟು ತಡವೇಕೆ? ಪೊಸೆ ಕಾಮಿಟಾಟಸ್ ಕಾಯ್ದೆಯೇ ಅಡ್ಡಿ ಎನ್ನುತ್ತಾರೆ, ನಿಜವೇ?

ಸರಕುಸಾಗಣೆ:
ಅಲ್ಲ. 1878ರ ಆ ಕಾಯ್ದೆ ತಡೆಯುವುದು ಸೇನೆ ಪೊಲೀಸ್ ಕೆಲಸ ಮಾಡುವುದನ್ನು: ಬಂಧನ, ಶೋಧನೆ ಇತ್ಯಾದಿ. ನೀರು ಹಂಚಲು, ಬಿದ್ದ ಮರ ಕಡಿಯಲು ಅದು ಅಡ್ಡಬರುವುದಿಲ್ಲ.

ಇನ್ನೊಂದು ವಿಷಯ. ಸಮವಸ್ತ್ರ ಒಂದೇ ಬಗೆಯದಾದರೂ ಅಲ್ಲಿ ಪಡೆಗಳು ಎರಡು. ನ್ಯಾಷನಲ್ ಗಾರ್ಡ್ ರಾಜ್ಯಪಾಲರ ಕೈಕೆಳಗಿನದು. ರಾಜ್ಯಪಾಲ ರಾಯ್ ಕೂಪರ್ ಸೆಪ್ಟೆಂಬರ್ 25ಕ್ಕೇ ತುರ್ತುಸ್ಥಿತಿ ಘೋಷಿಸಿದ್ದರು. ಷಾರ್ಲೆಟ್‌ನಲ್ಲಿರುವ ಗಾರ್ಡ್‌ನ ಸಿ-17 ವಿಮಾನಗಳು ಆ್ಯಶ್‌ವಿಲ್‌ಗೆ ಸಾಮಗ್ರಿ ಇಳಿಸಿದವು. ನೀವು ಕೇಳುತ್ತಿರುವುದು ಕೇಂದ್ರದ ಖಾಯಂ ಸೇನೆಯ ಬಗ್ಗೆ. ಅದರ ದಾರಿ ಉದ್ದ: ಕೌಂಟಿ (ಅಲ್ಲಿನ ಜಿಲ್ಲೆ) ರಾಜ್ಯವನ್ನು ಕೇಳಬೇಕು, ರಾಜ್ಯ ಕೇಂದ್ರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾವನ್ನು, ಫೆಮಾ ರಕ್ಷಣಾ ಇಲಾಖೆಯನ್ನು. ಏನು ಬೇಕು, ಎಷ್ಟು, ಎಲ್ಲಿಗೆ, ಯಾವತ್ತಿನವರೆಗೆ, ಖರ್ಚು ಯಾರದು ಎಂದು ಬರೆದ ಕೋರಿಕೆ ಬೇಕೇ ಬೇಕು.

ಈ ಸರಪಳಿ ತುಂಡಾಗುವುದು ಮೊದಲ ಕೊಂಡಿಯಲ್ಲೇ. ಮೊಬೈಲ್ ಗೋಪುರ, ಫೈಬರ್, ಕರೆಂಟ್ ಎಲ್ಲ ಹೋದ ಕೌಂಟಿಯಿಂದ ಕೋರಿಕೆಯೇ ಹೊರಡುವುದಿಲ್ಲ. ಮೇಲಿನವರ ಪಟ್ಟಿಯಲ್ಲಿ ಕೇಳಿದ ಊರುಗಳಷ್ಟೇ ಇರುತ್ತವೆ. ಅತಿ ಹೆಚ್ಚು ಹಾಳಾದದ್ದು ಅದರಲ್ಲಿ ಇಲ್ಲದೆಯೂ ಇರಬಹುದು. ಇದಕ್ಕೊಂದು ಒಳದಾರಿ ಇದೆ: ಜೀವ ಉಳಿಸುವ ಕೆಲಸಕ್ಕೆ ಸ್ಥಳೀಯ ಅಧಿಕಾರಿ ಕೇಳಿದರೆ ಹತ್ತಿರದ ನೆಲೆಯ ಕಮಾಂಡರ್ ಮೇಲಿನ ಆದೇಶಕ್ಕೆ ಕಾಯದೆ ನೆರವು ಕೊಡಬಹುದು, 72 ಗಂಟೆಯೊಳಗೆ ಅದರ ಮರುಪರಿಶೀಲನೆ ಆಗಬೇಕು. ಅದಕ್ಕೂ ಯಾರಾದರೂ ಕೇಳಲೇಬೇಕು.

ರೋಟರ್:
ಆದೇಶ ಮೊದಲ ದಿನವೇ ಬಂದಿದ್ದರೂ ದಾರಿ ಎಲ್ಲಿತ್ತು? ಪಿಜನ್ ನದಿಯ ಕಣಿವೆಯಲ್ಲಿ ಐ-40 ಹೆದ್ದಾರಿಯೇ ಕುಸಿದಿತ್ತು.

ಹೆಲಿಕಾಪ್ಟರ್ ಲೆಕ್ಕ ಹಾಕಿ. 10,000 ಜನರಿಗೆ ತಲಾ 4 ಲೀಟರ್ ಅಂದರೆ ದಿನಕ್ಕೆ 40 ಟನ್ ನೀರು. ದೊಡ್ಡ ಹೆಲಿಕಾಪ್ಟರ್ ಚಿನೂಕ್‌ನ ಹೊಟ್ಟೆಯಡಿಯ ನಡುಕೊಕ್ಕೆ ಹೊರುವ ಗರಿಷ್ಠ ಭಾರ ಸುಮಾರು 11.8 ಟನ್, ಇಂಧನದ ತೂಕ, ಬೆಟ್ಟದ ತೆಳು ಗಾಳಿ ಎರಡೂ ಸೇರಿ ಅದನ್ನು ಇಳಿಸುತ್ತವೆ. ಇಳಿಯಲು ಅದಕ್ಕಿಂತ ಚಿಕ್ಕ ಬ್ಲ್ಯಾಕ್ ಹಾಕ್‌ಗೆ ಸುಮಾರು 50 ಮೀಟರ್, ಚಿನೂಕ್‌ಗೆ 80 ಮೀಟರ್ ಅಗಲದ ಸಮತಟ್ಟು ಬಯಲು ಬೇಕು. ಅಲ್ಲಿ ವಿದ್ಯುತ್ ತಂತಿ ಇರಬಾರದು, ಟಾರ್ಪಾಲು, ರಟ್ಟಿನ ಪೆಟ್ಟಿಗೆ ಸಡಿಲವಾಗಿ ಬಿದ್ದಿರಬಾರದು. ರೆಕ್ಕೆಯ ಗಾಳಿಗೆ ಅವೆಲ್ಲ ಹಾರಿ ಜನರಿಗೇ ಬಡಿಯುತ್ತವೆ.

ಹಾಗಾಗಿ ನೀರನ್ನು ಹೊರುವುದಕ್ಕಿಂತ ಅಲ್ಲೇ ಶುದ್ಧ ಮಾಡುವುದು ಮೇಲು. ಸೇನೆಯ 1,500 ಗ್ಯಾಲನ್‌ನ ಶುದ್ಧೀಕರಣ ಘಟಕ ಗಂಟೆಗೆ ಸುಮಾರು 5,700 ಲೀಟರ್ ಕೊಡುತ್ತದೆ. 8 ಗಂಟೆ ಓಡಿದರೆ ಆ 40 ಟನ್ ಮೀರುತ್ತದೆ. ಆದರೆ ಪ್ರವಾಹದ ಕೆಸರಿಗೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಮೊದಲು ನೀರನ್ನು ತಿಳಿಯಾಗಲು ಬಿಡಬೇಕು. ಡೀಸೆಲ್, ಕ್ಲೋರಿನ್ ಜತೆಗೇ ಹೋಗಬೇಕು. ಜನರ ಮನೆಯಲ್ಲಿ ಕ್ಯಾನ್ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ನೀರು ಅವರಿಗೆ ಮುಟ್ಟುವುದಿಲ್ಲ. ಖಾಲಿ ಕ್ಯಾನ್ ಕಳಿಸುವುದನ್ನು ಮರೆಯಲೇಬಾರದು.

ಬೆಟ್ಟದಹಾದಿ:
ಧನ್ಯವಾದ. ಕತ್ರೀನಾ ಚಂಡಮಾರುತದ ವೇಳೆಯೂ ತಡಕ್ಕೆ ಇದೇ ಕಾರಣವೇ?

ಸರಕುಸಾಗಣೆ:
ಅಲ್ಲಿ ಇನ್ನೊಂದು ತೊಡಕೂ ಇತ್ತು. 2005ರ ಆಗಸ್ಟ್ 29ಕ್ಕೆ ಕತ್ರೀನಾ ಬಂತು. ಖಾಯಂ ಸೇನೆಯ ದೊಡ್ಡ ತುಕಡಿಗಳಿಗೆ ಆದೇಶ ಬಂದದ್ದು ಸೆಪ್ಟೆಂಬರ್ 3ಕ್ಕೆ. ಲೂಸಿಯಾನಾ ಗಾರ್ಡ್‌ನ ಕೇಂದ್ರ ಕಚೇರಿ ಜಾಕ್ಸನ್ ಬ್ಯಾರಕ್ಸ್ ತಾನೇ ಮುಳುಗಿತ್ತು. ಮೇಲಾಗಿ, ಪಡೆಗಳು ಯಾರ ಹಿಡಿತದಲ್ಲಿರಬೇಕೆಂದು ರಾಜ್ಯಪಾಲೆ ಬ್ಲ್ಯಾಂಕೊ ಮತ್ತು ಶ್ವೇತಭವನದ ನಡುವೆ ಜಗ್ಗಾಟ ನಡೆಯಿತು. ಈಗ ಎರಡೂ ಪಡೆಗಳಿಗೆ ಒಬ್ಬನೇ ಅಧಿಕಾರಿಯನ್ನು ನೇಮಿಸುವ ಪದ್ಧತಿ ಇದೆ, 2012ರ ಸ್ಯಾಂಡಿ ಚಂಡಮಾರುತದ ವೇಳೆ ಬಳಸಿದರು.

ಕೋರಿಕೆ ಬರೆಯುವವರಿಗೆ ಒಂದು ಮಾತು: "ಎರಡು ಚಿನೂಕ್ ಕಳಿಸಿ" ಎಂದು ಬರೆಯಬೇಡಿ. "ಈ ಊರಿನ 2,000 ಜನರಿಗೆ ದಿನಕ್ಕೆ 8 ಟನ್ ನೀರು, 5 ದಿನ, ಇಳಿಯಲು ಶಾಲೆಯ ಮೈದಾನ, ಅಕ್ಷಾಂಶ ರೇಖಾಂಶ ಇಂತಿಷ್ಟು" ಎಂದು ಬರೆಯಿರಿ. ಯಾವ ವಾಹನ ಎಂಬುದನ್ನು ಅವರೇ ಆರಿಸಲಿ. ಆಗ ಚಿನೂಕ್ ಸಿಗದಿದ್ದರೂ ಕೋರಿಕೆ ವಾಪಸ್ ಬರುವುದಿಲ್ಲ, ಲಾರಿಯಾದರೂ ಹೊರಡುತ್ತದೆ. ಸ್ಯಾಟಲೈಟ್ ಫೋನ್, ಹ್ಯಾಮ್ ರೇಡಿಯೋ (ಹವ್ಯಾಸಿಗಳ ರೇಡಿಯೋ) ಎರಡನ್ನೂ ಮಳೆಗೆ ಮೊದಲೇ ಪರೀಕ್ಷಿಸಿ ಇಡಿ. ಹೆಲೀನ್ ವೇಳೆ ಫೋನ್ ಸತ್ತಾಗ ಮೌಂಟ್ ಮಿಚೆಲ್ ಶಿಖರದ ಮೇಲಿನ ಹ್ಯಾಮ್ ರಿಪೀಟರ್ (ಸಂಕೇತವನ್ನು ದೂರಕ್ಕೆ ದಾಟಿಸುವ ಸಾಧನ) ಮೂಲಕವೇ ಎಷ್ಟೋ ಕಣಿವೆಗಳ ಸುದ್ದಿ ಹೊರಬಂತು.