54 ಮಕ್ಕಳ ಕ್ಲಾಸಲ್ಲಿ ಲರ್ನಿಂಗ್ ಸ್ಟೈಲ್ ನೋಡ್ಕೊಂಡು ಪಾಠ ಮಾಡೋದು ಹೇಗೆ? ಯಾರಾದ್ರೂ ಮಾಡಿದೀರಾ?

ಚಾಕ್‌ಪುಡಿ_ಮೇಷ್ಟ್ರು (ಭಾನುವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಪೀಣ್ಯ ಕಡೆ ಒಂದು ಅನುದಾನಿತ ಹೈಸ್ಕೂಲಲ್ಲಿ ಗಣಿತ ತಗೋತೀನಿ. ಎಂಟನೇ ಕ್ಲಾಸು ಒಂದೇ ಸೆಕ್ಷನ್ನು, 54 ಮಕ್ಕಳು. ಹೋದ ತಿಂಗಳು ಒಂದು ದಿನದ ತರಬೇತಿಗೆ ಕಳಿಸಿದ್ರು. ಅಲ್ಲಿ ಹೇಳಿದ್ದು ಏನಂದ್ರೆ ಕೆಲವು ಮಕ್ಕಳು ನೋಡಿ ಕಲೀತಾರೆ, ಕೆಲವರು ಕೇಳಿ ಕಲೀತಾರೆ, ಇನ್ನು ಕೆಲವರು ಕೈಯಾರೆ ಮಾಡಿ ಕಲೀತಾರೆ, ಅದಕ್ಕೆ ಮೊದ್ಲು ಯಾವ ಮಗು ಯಾವ ಥರ ಅಂತ ಪತ್ತೆ ಹಚ್ಚಿ ರಿಜಿಸ್ಟರಲ್ಲಿ ಹೆಸರಿನ ಮುಂದೆ ವಿ (ವಿಶುವಲ್), ಎ (ಆಡಿಟರಿ), ಕೆ (ಕೈನೆಸ್ಥೆಟಿಕ್) ಅಂತ ಬರ್ಕೊಂಡು, ಆಮೇಲೆ ಪಾಠ ಯೋಜನೇಲಿ ಮೂರು ಥರದವರಿಗೂ ಬೇರೆ ಬೇರೆ ಚಟುವಟಿಕೆ ಹಾಕ್ಬೇಕು ಅಂತ. ಕೇಳೋಕೆ ಚೆನ್ನಾಗೇ ಇತ್ತು. ಊಟಾನೂ ಚೆನ್ನಾಗಿತ್ತು.

ವಾಪಸ್ ಬಂದು ಅವರು ಕೊಟ್ಟ ಪ್ರಶ್ನಾವಳಿ ಮಕ್ಕಳ ಕೈಲಿ ತುಂಬಿಸಿದೆ. 31 ಜನ 'ಕೆ' ಬಂದ್ರು. ಬರದೆ ಇನ್ನೇನು, "ಬಿಡುವಿದ್ದಾಗ ಏನು ಇಷ್ಟ" ಅನ್ನೋ ಪ್ರಶ್ನೆಗೆ ಓದೋದು ಅಂತ ಟಿಕ್ ಹಾಕೋ ಹುಡುಗನ್ನ ನಾನಂತೂ ಇನ್ನೂ ನೋಡಿಲ್ಲ. ಈಗ 40 ನಿಮಿಷದ ಪೀರಿಯಡ್ಡಲ್ಲಿ, ಅದರಲ್ಲಿ ಹಾಜರಿ ಕೂಗೋದಕ್ಕೇ ಐದು ನಿಮಿಷ ಹೋಗುತ್ತೆ, ಮೂರು ಥರ ಪಾಠ ಹೇಗೆ ಮಾಡ್ಲಿ? ಎರಡು ವಾರ ಪ್ರಯತ್ನ ಪಟ್ಟೆ. ರಾತ್ರಿ ಹನ್ನೊಂದರ ತನಕ ಚಾರ್ಟ್ ಕಟ್ ಮಾಡ್ತಾ ಕೂತಿರ್ತೀನಿ, ಮನೆಯವರು ಬೈತಿದಾರೆ.

ಅದಕ್ಕಿಂತ ತಲೆ ಕೆಟ್ಟಿದ್ದು ಇದಕ್ಕೆ: ಲಾಸ್ಟ್ ಬೆಂಚಿನ ಒಬ್ಬ ಹುಡುಗ, ನೋಟ್ಸ್ ಯಾಕೋ ಬರ್ದಿಲ್ಲ ಅಂದ್ರೆ "ಸಾರ್ ನಾನು ಕೆ ಸಾರ್, ನಂಗೆ ಬರಿಯೋದು ಆಗಲ್ಲ" ಅಂತಾನೆ. ಏನು ಹೇಳ್ಬೇಕೋ ತೋಚಲಿಲ್ಲ. ನಿಜವಾಗ್ಲೂ ದೊಡ್ಡ ಕ್ಲಾಸಲ್ಲಿ ಇದನ್ನ ಮಾಡಿದವರು ಇದ್ರೆ ಹೇಳಿ.

ನಲಿಕಲಿ_ಟೀಚರ್ (ರಾತ್ರಿ 10:25)

ಸರ್, ಆ ಹುಡುಗನ ಮಾತು ಓದಿ ನಗು ಬಂತು, ಆಮೇಲೆ ಬೇಜಾರೂ ಆಯ್ತು.

ನಾನು ಯಲಹಂಕ ಕಡೆ ಸರ್ಕಾರಿ ಪ್ರೈಮರಿ. ನಲಿಕಲಿ, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ತನಕ ಕಾರ್ಡು ಚಟುವಟಿಕೆ ಇಟ್ಕೊಂಡು ಕಲಿಸೋ ಪದ್ಧತಿ, ಮಾಡಿ ಹದಿನಾಲ್ಕು ವರ್ಷ ಆಯ್ತು. ನಿಮಗೆ ಗೊತ್ತಿರುತ್ತೆ, ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದು 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಲ್ಲಿ ಶುರು ಮಾಡಿದ್ದು. ಅದರಲ್ಲಿ ಮಗು ಯಾವ ಥರದ್ದು ಅನ್ನೋ ಪ್ರಶ್ನೇನೇ ಇಲ್ಲ, ಮಗು ಕಲಿಕೆಯ ಏಣೀಲಿ ಎಲ್ಲಿ ನಿಂತಿದೆ ಅನ್ನೋದೊಂದೇ. ಕಾರ್ಡು ಮುಗಿಸಿದ್ರೆ ಮುಂದಿನ ಮೆಟ್ಟಿಲು, ಇಲ್ಲಾಂದ್ರೆ ಅಲ್ಲೇ ಇನ್ನೊಂದು ಸಲ. ಗುಂಪಿಗೆ ನಾವು ತಟ್ಟೆ ಅಂತೀವಿ, ಟೀಚರ್ ಜೊತೆ ಕೂರೋ ತಟ್ಟೆ ಒಂದು, ಸ್ನೇಹಿತರ ಸಹಾಯದಿಂದ ಮಾಡೋ ತಟ್ಟೆ ಒಂದು, ಒಬ್ಬರೇ ಮಾಡ್ಕೊಳ್ಳೋ ತಟ್ಟೆ ಒಂದು, ಹೀಗೆ. ಇವತ್ತು ಟೀಚರ್ ತಟ್ಟೇಲಿ ಇದ್ದ ಮಗು ನಾಳೆ ಸ್ವಕಲಿಕೆ ತಟ್ಟೇಲಿ ಇರುತ್ತೆ. ಹಣೆ ಮೇಲೆ ಅಂಟಿಸಿದ್ದು ಏನೂ ಇರಲ್ಲ. ಕಷ್ಟ ಇಲ್ಲ ಅಂತಲ್ಲ, ಕಾರ್ಡು ಕಳೆದೋಗುತ್ತೆ, ಹೋದ ಬೇಸಿಗೆ ರಜೇಲಿ ಇಲಿ ಅರ್ಧ ಸೆಟ್ಟು ತಿಂದಿತ್ತು, ನಾಲ್ಕನೇ ಕ್ಲಾಸಿಗೆ ಹೋದ ತಕ್ಷಣ ಮಕ್ಕಳು ಒಂಥರಾ ಕಕ್ಕಾಬಿಕ್ಕಿ ಆಗ್ತಾರೆ.

ಒಂದು ವಿಷಯ ಹೇಳ್ತೀನಿ ನೋಡಿ. ನನ್ನ ಹತ್ರ ಒಬ್ಬ ಹುಡುಗ ಇದ್ದ, ಮನೇಲಿ ತೆಲುಗು, ಅಪ್ಪಂದು ತರಕಾರಿ ಗಾಡಿ. ಪುಸ್ತಕದ ಲೆಕ್ಕ ಕೊಟ್ರೆ ಸುಮ್ನೆ ನೋಡ್ತಾ ಕೂರ್ತಿದ್ದ, ನಾನು ಗಟ್ಟಿಯಾಗಿ ಓದಿ ಹೇಳಿದ್ರೆ ಪಟ್ ಅಂತ ಉತ್ತರ. ಈ ಮಗು ಕೇಳಿ ಕಲಿಯೋ ಮಗು ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲ ಸರ್, ಅವನಿಗೆ ಒತ್ತಕ್ಷರ ಓದೋಕೆ ಬರ್ತಿರ್ಲಿಲ್ಲ ಅಷ್ಟೇ. "ಉಳಿಯುತ್ತದೆ" ಅನ್ನೋ ಪದದ ಹತ್ರ ನಿಂತ್ಬಿಡ್ತಿದ್ದ. ಅವನಿಗೆ 'ಎ' ಅಂತ ಬರೆದು ಬಿಟ್ಟಿದ್ರೆ ಮೂರು ವರ್ಷ ನಾನು ಓದಿ ಹೇಳ್ತಾನೇ ಇರ್ತಿದ್ದೆ, ಅವನು ಓದೋದನ್ನ ಕಲೀತಾನೇ ಇರ್ಲಿಲ್ಲ.

ಮನಸ್ಸಿನ_ಲೆಕ್ಕ (ರಾತ್ರಿ 11:10)

ಮೇಡಂ ಹೇಳಿದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸ್ತೀನಿ, ನಾನು ಬಿ.ಎಡ್. ಮಕ್ಕಳಿಗೆ ಸೈಕಾಲಜಿ ಹೇಳ್ಕೊಡೋನು.

ಈ ಅಕ್ಷರಗಳ ಲೆಕ್ಕದಲ್ಲಿ ಹೆಚ್ಚು ಹೆಸರಾಗಿದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್ ಅವರ ವಾರ್ಕ್ ಅನ್ನೋ ಮಾದರಿ, 1992ರಲ್ಲಿ ಮಿಲ್ಸ್ ಅನ್ನೋರ ಜೊತೆ ಬರೆದ ಲೇಖನ. ಅವರದ್ದರಲ್ಲಿ ನಾಲ್ಕು ಅಕ್ಷರ, ಓದಿ-ಬರೆದು ಕಲಿಯೋರು ಅಂತ 'ಆರ್' ಇದೆ, ನಿಮ್ಮ ತರಬೇತೀಲಿ ಹೇಳಿದ್ದು ಅದಿಲ್ಲದ ಮೂರಕ್ಷರದ್ದು. ಇದೊಂದೇ ಮಾದರಿ ಅಂತಾನೂ ಅಲ್ಲ. 2004ರಲ್ಲಿ ಬ್ರಿಟನ್ನಲ್ಲಿ ಕಾಫೀಲ್ಡ್ ಮತ್ತು ಜೊತೆಗಾರರು ಎಣಿಸಿದಾಗ ಇಂಥ 71 ಮಾದರಿ ಸಿಕ್ಕಿದ್ವು. 2008ರಲ್ಲಿ ಪ್ಯಾಶ್ಲರ್, ಮ್ಯಾಕ್‌ಡೇನಿಯಲ್, ರೋರರ್, ಬ್ಯೋರ್ಕ್ ನಾಲ್ಕು ಜನ ಸೇರಿ ಇದಕ್ಕೆ ಪುರಾವೆ ಏನಿದೆ ಅಂತ ಕೂತು ನೋಡಿದ್ರು. ಅವರು ಕೇಳಿದ್ದು ಸರಳ. 'ವಿ' ಮಕ್ಕಳಲ್ಲಿ ಅರ್ಧ ಜನಕ್ಕೆ ಚಿತ್ರದಲ್ಲಿ ಪಾಠ ಮಾಡಿ, ಅರ್ಧ ಜನಕ್ಕೆ ಮಾತಲ್ಲಿ ಮಾಡಿ, 'ಎ' ಮಕ್ಕಳಿಗೂ ಹಾಗೇ ಮಾಡಿ, ಕೊನೇಲಿ ಎಲ್ಲರಿಗೂ ಒಂದೇ ಟೆಸ್ಟ್ ಕೊಡಿ. 'ವಿ'ಗೆ ಚಿತ್ರದಲ್ಲೂ 'ಎ'ಗೆ ಮಾತಲ್ಲೂ ಜಾಸ್ತಿ ಮಾರ್ಕ್ಸ್ ಬಂದ್ರೆ ತಾನೇ ಈ ವಿಂಗಡಣೆಗೆ ಅರ್ಥ? ಅಂಥ ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಮಕ್ಕಳಿಗೆ ಇಷ್ಟ ಅನ್ನೋದು ಇರುತ್ತೆ, ಅದು ಸುಳ್ಳಲ್ಲ. ಇಷ್ಟದ ಥರ ಹೇಳ್ಕೊಟ್ರೆ ಜಾಸ್ತಿ ತಲೆಗೆ ಹತ್ತುತ್ತೆ ಅನ್ನೋದು ಬೇರೆ ಮಾತು.

ಅಂದಹಾಗೆ ಅಮೆರಿಕದ ಮನೋವಿಜ್ಞಾನಿ ಗಾರ್ಡ್ನರ್ ಅವರ ಬಹುಬುದ್ಧಿಗಳನ್ನೂ (1983, ಬುದ್ಧಿ ಒಂದೇ ಅಲ್ಲ, ಹಲವು ಥರ ಇದೆ ಅನ್ನೋ ವಾದ) ತರಬೇತಿಗಳಲ್ಲಿ ಇದರ ಜೊತೆ ಕಲಸಿಬಿಡ್ತಾರೆ. ಅವು ಲರ್ನಿಂಗ್ ಸ್ಟೈಲ್ ಅಲ್ಲ ಅಂತ ಅವರೇ 2013ರಲ್ಲಿ ಬರೆದಿದಾರೆ.

ಟ್ಯೂಷನ್_ವಿಜಯನಗರ (ಸೋಮವಾರ ಬೆಳಿಗ್ಗೆ 6:15)

ಸಂಶೋಧನೆ ಏನಾದ್ರೂ ಹೇಳ್ಲಿ ಸರ್, ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಬರೀ ಬೋರ್ಡ್ ಮೇಲೆ ಬರೆದ್ರೆ ಅರ್ಧ ಮಕ್ಕಳಿಗೆ ಹತ್ತಲ್ಲ. ಕಸ್ತೂರ್ಬಾ ರಸ್ತೆ ವಿಶ್ವೇಶ್ವರಯ್ಯ ಮ್ಯೂಸಿಯಂ ಎಂಜಿನ್ ಹಾಲಿಗೆ ಕರ್ಕೊಂಡೋಗಿ ನೋಡಿ, ಕ್ಲಾಸಲ್ಲಿ ಬಾಯಿ ಬಿಡದವರು ಗೇರಿನ ಮುಂದೆ ನಿಂತು ನಂಗೇ ಪಾಠ ಮಾಡ್ತಾರೆ. ಇದನ್ನೆಲ್ಲ ಸುಳ್ಳು ಅಂತ ಬಿಟ್ಟು ಮತ್ತೆ ಚಾಕ್ ಹಿಡ್ಕೊಂಡು ಡಿಕ್ಟೇಷನ್ ಮಾಡೋದಾ?

ಮನಸ್ಸಿನ_ಲೆಕ್ಕ (ಬೆಳಿಗ್ಗೆ 7:30)

ಅಯ್ಯೋ ಖಂಡಿತಾ ಬೇಡ ಸರ್. ಮ್ಯೂಸಿಯಂಗೆ ಎಲ್ಲರನ್ನೂ ಕರ್ಕೊಂಡೋಗಿ ಅನ್ನೋದೇ ನನ್ನ ಮಾತು, ಬರೀ 'ಕೆ'ಗಳನ್ನಲ್ಲ. ಚಿತ್ರ ಮಾತು ಎರಡೂ ಸೇರಿದ್ರೆ ಹೆಚ್ಚು ಕಡಿಮೆ ಎಲ್ಲರಿಗೂ ಉಪಯೋಗ.

ಯಾವ ದಾರಿ ಅನ್ನೋದನ್ನ ಪಾಠ ಹೇಳುತ್ತೆ, ಮಗು ಅಲ್ಲ. ಕನ್ನಡ ಮೇಷ್ಟ್ರು ಲಘು ಗುರು ಹೇಳ್ಕೊಡುವಾಗ ಪದ್ಯ ರಾಗವಾಗಿ ಓದದೆ ಪ್ರಸ್ತಾರ ಹಾಕಿಸಿದ್ರೆ ಯಾರಿಗೆ ಬರುತ್ತೆ? ಅಲ್ಲಿ 'ವಿ' ಮಗೂನೂ ಕಿವಿ ಕೊಡ್ಲೇಬೇಕು. ಕಾವೇರಿ ಎಲ್ಲಿಂದ ಎಲ್ಲಿಗೆ ಹರೀತಾಳೆ ಅನ್ನೋದಕ್ಕೆ 'ಎ' ಮಗೂನೂ ನಕ್ಷೆ ನೋಡ್ಲೇಬೇಕು. ಕೈವಾರ ಹಿಡಿಯೋದನ್ನ ಹಾಡಲ್ಲಿ ಹೇಳ್ಕೊಡೋಕೆ ಆಗುತ್ತಾ?

ಇನ್ನೊಂದು, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗ ನಿಮ್ಮ ಟ್ಯೂಷನ್ನಿಗೂ ಆಗುತ್ತೆ. ಒಂದೇ ಪಾಠಾನ ಮತ್ತೆ ಮತ್ತೆ ಓದಿದವರು ಐದು ನಿಮಿಷ ಬಿಟ್ಟು ಕೇಳಿದಾಗ ಮುಂದೆ ಇದ್ರು, ಆದ್ರೆ ಒಂದು ವಾರ ಬಿಟ್ಟು ಕೇಳಿದಾಗ ಪುಸ್ತಕ ಮುಚ್ಚಿ ನೆನಪಿಸ್ಕೊಂಡು ಬರೆದವರಿಗೇ ಜಾಸ್ತಿ ನೆನಪಿತ್ತು. ಇದಕ್ಕೆ ಚಾರ್ಟೂ ಬೇಡ ಫೆವಿಕಾಲೂ ಬೇಡ.

ಒಬ್ಬಳ_ಅಮ್ಮ (ಮಧ್ಯಾಹ್ನ 2:05)

ನಾನು ಟೀಚರ್ ಅಲ್ಲ, ಹೇಳ್ಬೇಕು ಅನ್ನಿಸ್ತು. ನಮ್ಮ ಹುಡುಗಿಗೆ ಒಂದು ಸ್ಕೂಲಲ್ಲಿ "ಅವಳು ಆಡಿಟರಿ, ನೀವು ಓದಿ ಹೇಳಿ ಸಾಕು" ಅಂದಿದ್ರು. ಮೂರನೇ ಕ್ಲಾಸಿಂದ ಐದರ ತನಕ ದಿನಾ ಸಂಜೆ ನಾನು ಓದಿ ಹೇಳೋದು, ಅವಳು ಬಾಯಿಪಾಠ ಹೇಳೋದು, ಬಾಯಲ್ಲಿ ಎಲ್ಲಾ ಬರುತ್ತೆ ಪರೀಕ್ಷೇಲಿ ಹತ್ತಕ್ಕೆ ಮೂರು, ಸೋಮಾರಿ ಅಂತ ನಾನೇ ಎರಡೇಟು ಹಾಕಿದೀನಿ, ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಕೊನೆಗೆ ನಮ್ಮ ಯಜಮಾನರ ತಂಗಿ ಹೇಳಿ ನಿಮ್ಹಾನ್ಸಲ್ಲಿ ತೋರಿಸಿದ್ವಿ, ಡಿಸ್‌ಲೆಕ್ಸಿಯಾ, ಅಂದ್ರೆ ಅಕ್ಷರ ಓದಿ ಬರೆಯೋದೇ ಕಷ್ಟ ಆಗೋ ಸಮಸ್ಯೆ ಅಂತ ಗೊತ್ತಾಯ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಇದೂ ಸೇರಿದೆ, ಸರ್ಟಿಫಿಕೇಟ್ ಇದ್ರೆ ಪರೀಕ್ಷೇಲಿ ಎಕ್ಸ್‌ಟ್ರಾ ಟೈಮ್ ಥರದ ಅನುಕೂಲ ಕೇಳ್ಬಹುದು ಅನ್ನೋದೆಲ್ಲ ಆಮೇಲೆ ತಿಳೀತು. ಈಗ ಅಕ್ಷರ-ಶಬ್ದ ಜೋಡಿಸೋದನ್ನ ಮೊದಲಿಂದ ಮಾಡಿಸ್ತಿದಾರೆ, ನಿಧಾನಕ್ಕೆ ಓದ್ತಾಳೆ. ನಿಮ್ಮ ಆ ಲಾಸ್ಟ್ ಬೆಂಚ್ ಹುಡುಗನ್ನ ಒಂದ್ಸಲ ಪಕ್ಕದಲ್ಲಿ ಕೂರಿಸ್ಕೊಂಡು ಗಟ್ಟಿಯಾಗಿ ಓದಿಸಿ ನೋಡಿ ಸರ್, ಎಲ್ಲರ ಮುಂದೆ ಬೇಡ.

ಚಾಕ್‌ಪುಡಿ_ಮೇಷ್ಟ್ರು (ಶುಕ್ರವಾರ ರಾತ್ರಿ 9:15)

ಎಲ್ಲರಿಗೂ ಥ್ಯಾಂಕ್ಸ್, ಉತ್ತರ ಕೊಡೋದು ಲೇಟ್ ಆಯ್ತು. ಈ ವಾರ ಚಾರ್ಟ್ ಕಟ್ ಮಾಡಲಿಲ್ಲ.

ಮಂಗಳವಾರ ಕೊನೇ ಐದು ನಿಮಿಷ ಎಲ್ಲರಿಗೂ ಅರ್ಧ ಹಾಳೆ ಕೊಟ್ಟು 1/2 + 1/3 ಎಷ್ಟು ಅಂತ ಬರೆಸಿದೆ, ಹೆಸರು ಹಾಕಿಸಿ ಇಸ್ಕೊಂಡೆ. ಸ್ಟಾಫ್ ರೂಮಲ್ಲಿ ಟೀ ಕುಡೀತಾ ಮೂರು ಗುಡ್ಡೆ ಮಾಡಿದೆ. ಸರಿ ಮಾಡಿದವರು 17, ಮೇಲೆ ಮೇಲೆ ಕೂಡ್ಸಿ ಕೆಳಗೆ ಕೆಳಗೆ ಕೂಡ್ಸಿ 2/5 ಅಂತ ಬರೆದವರು 26, ಖಾಲಿ ಬಿಟ್ಟವರು 11. ಎಂಟನೇ ಕ್ಲಾಸಿದು, ನೆನಪಿರಲಿ. ರಿಜಿಸ್ಟರ್ ತೆಗೆದು ನೋಡಿದ್ರೆ ಆ 26ರಲ್ಲಿ ವಿ, ಎ, ಕೆ ಮೂರೂ ಇದಾರೆ. ತಪ್ಪು ಮಾತ್ರ ಎಲ್ಲರದ್ದೂ ಒಂದೇ.

ಬುಧವಾರ ಎಲ್ಲರ ಕೈಗೂ ಪೇಪರ್ ಪಟ್ಟಿ ಕೊಟ್ಟು ಒಂದರಲ್ಲಿ ಅರ್ಧ ಮಡಚಿಸಿದೆ, ಇನ್ನೊಂದರಲ್ಲಿ ಐದು ಭಾಗ ಮಾಡಿ ಎರಡಕ್ಕೆ ಬಣ್ಣ ಹಾಕಿಸಿದೆ, ಪಕ್ಕ ಪಕ್ಕ ಇಡಿಸಿದೆ. "ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ದೀರಿ, ಈಗ ನೋಡಿದ್ರೆ ಅರ್ಧಕ್ಕಿಂತ ಕಮ್ಮಿ ಆಗಿದೆಯಲ್ರೋ, ಹೆಂಗೆ?" ಅಂದೆ. ಕ್ಲಾಸು ಗಪ್‌ಚಿಪ್. ಒಬ್ಬಳು ಮಾತ್ರ "ಯಾರೋ ತಿಂದ್ಬಿಟ್ರು ಸಾರ್" ಅಂದ್ಲು. ಅಲ್ಲಿಂದ ಆರು ಭಾಗ ಮಾಡಿಸಿ 3/6, 2/6 ತರೋದು ಏನೂ ಕಷ್ಟ ಆಗಲಿಲ್ಲ. ಲಸಾಅ ಯಾಕೆ ಬೇಕು ಅಂತ ನಾನು ಇಷ್ಟು ವರ್ಷ ಹೇಳೇ ಇರ್ಲಿಲ್ವೇನೋ, ಮಾಡಿ ಅಂತ ಮಾತ್ರ ಹೇಳಿದ್ದೆ. ಆ 17 ಜನ ಬೇರೆಯವರಿಗೆ ಮಡಚೋಕೆ ಹೇಳ್ಕೊಟ್ರು, ಸ್ವಲ್ಪ ಗಲಾಟೆ ಆಯ್ತು, ಪಕ್ಕದ ಕ್ಲಾಸಿನ ಮೇಡಂ ಬಂದು ಇಣುಕಿ ಹೋದ್ರು.

ಖಾಲಿ ಬಿಟ್ಟ 11 ಜನರಲ್ಲಿ ನಮ್ಮ 'ಕೆ' ಹುಡುಗನೂ ಇದ್ದ. ಅಮ್ಮಾವ್ರು ಹೇಳಿದ ಹಾಗೆ ಸ್ಕೂಲ್ ಬಿಟ್ಟ ಮೇಲೆ ಒಬ್ಬನ್ನೇ ಕೂರಿಸ್ಕೊಂಡು ಓದಿಸಿದೆ. ಓದ್ತಾನೆ, ಚೆನ್ನಾಗೇ ಓದ್ತಾನೆ. ಬರಿಯೋಕೆ ಯಾಕೋ ಆಗಲ್ಲ ಅಂದ್ರೆ ತುಂಬಾ ಹೊತ್ತು ಸುಮ್ನಿದ್ದು, ಬೋರ್ಡು ಕಾಣಿಸಲ್ಲ ಸಾರ್ ಅಂದ. ಕನ್ನಡಕ ಹಾಕಿದ್ರೆ ಹುಡುಗ್ರು ಆಡ್ಕೋತಾರೆ ಅಂತ ಮನೇಲೂ ಹೇಳಿಲ್ವಂತೆ. ಸದ್ಯಕ್ಕೆ ಮುಂದಿನ ಬೆಂಚಿಗೆ ಹಾಕಿದೀನಿ, ನಾಳೆ ಅವರಪ್ಪ ಬರ್ತಾರೆ.

ಒಂದು ಡೌಟು ಉಳಿದಿದೆ. ತಿಂಗಳ ಕೊನೆಗೆ ರಿಜಿಸ್ಟರ್ ನೋಡೋಕೆ ಬರ್ತಾರೆ, ವಿ-ಎ-ಕೆ ಕಾಲಂ ಖಾಲಿ ಇಡೋ ಹಾಗಿಲ್ಲ. ಏನು ಮಾಡ್ಲಿ?

ನಲಿಕಲಿ_ಟೀಚರ್ (ರಾತ್ರಿ 9:32)

ಪೆನ್ಸಿಲಲ್ಲಿ ಬರೀರಿ ಸರ್.