2³¹ − 1 ಅವಿಭಾಜ್ಯವೆಂದು ಆಯ್ಲರ್ ಕೈಲೆಕ್ಕದಲ್ಲಿ ಸಾಧಿಸಿದ್ದು ಹೇಗೆ?

ಪ್ರಶ್ನೆ:
2³¹ − 1, ಅಂದರೆ 2,14,74,83,647, ಅವಿಭಾಜ್ಯ ಸಂಖ್ಯೆಯೆಂದು ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿಕೊಟ್ಟರು. ಇದರ ವರ್ಗಮೂಲ 46,340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿ ನೋಡಿದರೂ ಸಾವಿರಾರು ಭಾಗಾಕಾರಗಳಾಗುತ್ತವೆ. ಆ ವೇಳೆಗೆ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡಿದ್ದ ಅವರಿಗೆ ಇದು ಹೇಗೆ ಸಾಧ್ಯವಾಯಿತು? ಭಾಜಕಗಳೆಲ್ಲ 62ಕ + 1 ರೂಪದಲ್ಲಿರಬೇಕೆಂದು (‘ಕ’ ಒಂದು ಪೂರ್ಣ ಸಂಖ್ಯೆ) ಓದಿದ್ದೇನೆ. ಅದರ ಕಾರಣವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
‘ಪ’ ಎಂಬ ಅವಿಭಾಜ್ಯವು 2³¹ − 1 ಅನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 2³¹ ಅನ್ನು ‘ಪ’ದಿಂದ ಭಾಗಿಸಿದರೆ ಶೇಷ 1. ಹೀಗೆ ಶೇಷ 1 ಬರುವ 2ರ ಅತಿ ಚಿಕ್ಕ ಘಾತವು (2ರ ಮೇಲೆ ಬರೆಯುವ ಸಂಖ್ಯೆಯು) 31ನ್ನು ಭಾಗಿಸಲೇಬೇಕು. 31 ತಾನೇ ಅವಿಭಾಜ್ಯವಾದ್ದರಿಂದ ಮತ್ತು ಘಾತ 1 ಆಗಲು ಸಾಧ್ಯವಿಲ್ಲದ್ದರಿಂದ, ಆ ಚಿಕ್ಕ ಘಾತ 31 ಎಂದೇ ಆಯಿತು. ಫರ್ಮಾನ ಪ್ರಮೇಯದಂತೆ ಘಾತ ಪ − 1 ಆದಾಗಲೂ ಶೇಷ 1 ಬರುತ್ತದೆ, ಆದ್ದರಿಂದ 31 ಎಂಬುದು ಪ − 1 ಅನ್ನು ಭಾಗಿಸುತ್ತದೆ. ‘ಪ’ ಬೆಸ ಸಂಖ್ಯೆಯಾದುದರಿಂದ ಪ = 62ಕ + 1.

ನಿಜವಾದ ಸೊಗಸು ಇರುವುದು ಮುಂದಿನ ಹೆಜ್ಜೆಯಲ್ಲಿ. 2³² ಎಂಬುದು 2¹⁶ರ ವರ್ಗ, ಅದರ ಶೇಷ 2. ಒಂದು ವರ್ಗ ಸಂಖ್ಯೆಯು ‘ಪ’ದಿಂದ ಭಾಗಿಸಿದಾಗ ಶೇಷ 2 ಕೊಡಬೇಕಾದರೆ, ‘ಪ’ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಆಗಿರಲೇಬೇಕು. ಎರಡು ನಿಬಂಧನೆಗಳನ್ನೂ ಕೂಡಿಸಿದರೆ 248ನ + 1 ಮತ್ತು 248ನ + 63 ಎಂಬ ಎರಡೇ ರೂಪಗಳು ಉಳಿಯುತ್ತವೆ. 46,340ರೊಳಗೆ ಇಂಥವು 373 ಮಾತ್ರ, ಅವುಗಳಲ್ಲೂ 63ರಂತೆ ಅವಿಭಾಜ್ಯವಲ್ಲದವನ್ನು ಕೈಬಿಡಬಹುದು. ಉಳಿದ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ.

ಉತ್ತರ 2:
ಮೇಲಿನ ವಿವರಣೆ ಸರಿಯಾಗಿದೆ. ಭಾಜಕಗಳನ್ನು ಹುಡುಕದೆಯೇ ತೀರ್ಮಾನಿಸುವ ದಾರಿಯೂ ಇದೆ. ಅದು ಲೂಕಾ–ಲೆಹ್ಮರ್ ಪರೀಕ್ಷೆ. 4ರಿಂದ ಆರಂಭಿಸಿ, ಪ್ರತಿ ಹೆಜ್ಜೆಯಲ್ಲೂ ವರ್ಗ ಮಾಡಿ 2 ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಇಟ್ಟುಕೊಳ್ಳಬೇಕು. 2⁵ − 1 = 31ಕ್ಕೆ ಮೂರು ಹೆಜ್ಜೆಗಳು: 14, ಆಮೇಲೆ 194ರ ಶೇಷ 8, ಆಮೇಲೆ 62ರ ಶೇಷ 0. ಕೊನೆಗೆ ಸೊನ್ನೆ ಬಂದರೆ ಮಾತ್ರ ಸಂಖ್ಯೆ ಅವಿಭಾಜ್ಯ. 2³¹ − 1ಕ್ಕೆ 29 ಹೆಜ್ಜೆಗಳು ಸಾಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಘಾತ ಅವಿಭಾಜ್ಯವಾಗಿದ್ದೂ ಸಂಖ್ಯೆ ಅವಿಭಾಜ್ಯವಾಗದಿದ್ದಾಗ, ಈ ನಿಯಮದಿಂದ ಭಾಜಕವನ್ನು ಬೇಗ ಕಂಡುಹಿಡಿಯಬಹುದೇ?

ಉತ್ತರ 1 ಬರೆದವರು:
ಕೆಲವೊಮ್ಮೆ ಹೌದು. 2¹¹ − 1 = 2047ರ ಭಾಜಕ 22ಕ + 1 ರೂಪದಲ್ಲಿರಬೇಕು, ಮೊದಲನೆಯದಾದ 23ರಲ್ಲೇ ಅದು ಸಿಗುತ್ತದೆ (23 × 89). ಆದರೆ ಗಣಿತಜ್ಞ ಮರ್ಸೆನ್ 1644ರಲ್ಲಿ ಅವಿಭಾಜ್ಯವೆಂದು ಪಟ್ಟಿ ಮಾಡಿದ್ದ 2⁶⁷ − 1 ಹಾಗಲ್ಲವೆಂದು ಲೂಕಾ 1876ರಲ್ಲಿ ಭಾಜಕವನ್ನು ತೋರಿಸದೆಯೇ ಸಾಧಿಸಿದರು. 1903ರಲ್ಲಿ ಕೋಲ್ ಅದರ ಅಪವರ್ತನಗಳನ್ನು ಕೊಟ್ಟರು: 19,37,07,721 × 7,61,83,82,57,287. ಮೊದಲನೆಯದು ನಿಯಮದಂತೆ 134ಕ + 1 ರೂಪದಲ್ಲೇ ಇದೆ, ಆದರೆ ಅಲ್ಲಿ ‘ಕ’ದ ಬೆಲೆ 14,45,580.