ದಾಳಿಂಬೆ ಗಿಡ ನಿಂತಲ್ಲೇ ಒಣಗ್ತಿದೆ, ಯಾರಾದರೂ ಹೇಳಿ

ಹಿರಿಯೂರು ತೋಟ: ಅಣ್ಣಂದಿರೇ, ತಲೆ ಕೆಟ್ಟು ಹೋಗಿದೆ. ಭಗವಾ ತಳಿ, ಕಾಯಿ ನಿಂಬೆಹಣ್ಣಿನಷ್ಟಾಗಿವೆ. ಮೊದಲು ಒಂದೇ ಕೊಂಬೆ ಹಳದಿಯಾಯ್ತು, ಆಮೇಲೆ ಇಡೀ ಗಿಡ ಒಣಗಿತು. ಒಂದೇ ಸಾಲಿನಲ್ಲಿ 4 ಗಿಡ ಹೋದವು. ಅಂಗಡಿಯಲ್ಲಿ ಕೊಟ್ಟಿದ್ದೆಲ್ಲ ಹೊಡೆದೆ, ಜಗ್ಗಲಿಲ್ಲ.

ಚಳ್ಳಕೆರೆ ರೈತ: ಅಂಗಮಾರಿ ಅದು. ಶೇ. 1ರ ಬೋರ್ಡೋ ದ್ರಾವಣ ಹೊಡೆಯಿರಿ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು.

ಹೊಸದುರ್ಗ ದಾಳಿಂಬೆ: ಅಂಗಮಾರಿ ಬ್ಯಾಕ್ಟೀರಿಯಾದಿಂದ ಬರುತ್ತೆ. ಎಲೆ, ಕಾಯಿ ಮೇಲೆ ಎಣ್ಣೆ ಚುಕ್ಕೆ ಕಾಣಬೇಕು, ಕಾಯಿ ಸೀಳಬೇಕು. ಇವರು ಚುಕ್ಕೆ ಮಾತೇ ಎತ್ತಿಲ್ಲ. ಮಣ್ಣು ಯಾವುದು ಅಣ್ಣ? ಬುಡ ಕೊಯ್ದು ನೋಡಿದ್ರಾ?

ಚಳ್ಳಕೆರೆ ರೈತ: ಚುಕ್ಕೆ ಆಮೇಲೂ ಬರಬಹುದು. ಬೋರ್ಡೋ ಹೊಡೆದರೆ ನಷ್ಟ ಏನಿಲ್ಲ.

ಜಗಳೂರು: ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ತಿರುಗಾಮುರುಗಾ ಮಾಡಿದರೆ ಕೆಡುತ್ತೆ. ಚಾಕು ಅದ್ದಿ ನೋಡಿ. ಕೆಂಪಗಾದರೆ ಸುಣ್ಣ ಸಾಲದು ಅಂತ.

ಚಳ್ಳಕೆರೆ ರೈತ: ನಾವು ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಬಿಡ್ತೀವಿ. ಯಾವತ್ತೂ ಕೆಟ್ಟಿಲ್ಲ.

ಹಿರಿಯೂರು ತೋಟ: ಬುಡ ಕೊಯ್ದೆ. ಒಳಗೆ ನಕ್ಷತ್ರದ ಥರ ಕಂದು ಬಣ್ಣ ಹರಡಿದೆ. ತೊಗಟೆಯಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳು, ಸುತ್ತ ಹಿಟ್ಟಿನಂಥ ಪುಡಿ. ಎರೆ ಮಣ್ಣು. ಹಳೇ ದಾಳಿಂಬೆ ಕಿತ್ತು ಅದೇ ಗುಂಡಿಯಲ್ಲಿ ನೆಟ್ಟಿದ್ದು.

ಹೊಸದುರ್ಗ ದಾಳಿಂಬೆ: ಇದನ್ನು ಮೊದಲೇ ಹೇಳಬೇಕಿತ್ತು ಅಣ್ಣ! ಸೊರಗು ರೋಗ ಇದು, ಸೆರಟೊಸಿಸ್ಟಿಸ್ ಅನ್ನೋ ಶಿಲೀಂಧ್ರ. ಮಣ್ಣಲ್ಲಿದ್ದು ಬೇರಿನಿಂದ ಒಳಗೆ ಹೋಗಿ ನೀರಿನ ದಾರಿ ಕಟ್ಟುತ್ತೆ. ಎಲೆಗೆ ಹೊಡೆದದ್ದು ಅಲ್ಲಿಗೆ ಮುಟ್ಟಲ್ಲ. ಆ ತೂತು ಕೊರೆಯುವ ಹುಳವೂ ರೋಗ ಹೊತ್ತು ತಿರುಗುತ್ತೆ, ಅದಕ್ಕೆ ಬೇರೆ ಔಷಧಿ ಬೇಕು. ಒಣಗಿದ ಗಿಡ ಬೇರುಸಮೇತ ಕಿತ್ತು ಅಲ್ಲೇ ಸುಡಿ. ಸಾಲಿನುದ್ದಕ್ಕೂ ಎಳೆಯಬೇಡಿ, ಬೇರಿನ ಮಣ್ಣು ಉದುರಿದಲ್ಲೆಲ್ಲ ರೋಗ ಬೀಳುತ್ತೆ. ಅಕ್ಕಪಕ್ಕದ ಗಿಡಗಳ ಬುಡಕ್ಕೆ ಪ್ರೊಪಿಕೊನಜೋಲ್ ಅನ್ನೋ ಶಿಲೀಂಧ್ರನಾಶಕ, ಲೀಟರಿಗೆ 2 ಮಿ.ಲೀ., ಗಿಡಕ್ಕೆ 8–10 ಲೀಟರ್ ಸುರಿಯಿರಿ. ರೋಗ ತಡೆಯೋಕೆ ಮಣ್ಣಿಗೆ ಹಾಕೋ ಟ್ರೈಕೋಡರ್ಮಾ ಜೊತೆಯಲ್ಲೇ ಹಾಕಬೇಡಿ, ಅದೂ ಶಿಲೀಂಧ್ರವೇ ಅಲ್ವಾ, ಸತ್ತುಹೋಗುತ್ತೆ. ಕತ್ತರಿ ಗಿಡದಿಂದ ಗಿಡಕ್ಕೆ ತೊಳೆಯಿರಿ.

ಜಗಳೂರು: ನಮ್ಮದು ಕೆಂಪು ಮಣ್ಣು, ಏರು ಮಡಿ, ಸಾಲಿಗೆ ಎರಡು ಲ್ಯಾಟರಲ್ (ಹನಿ ನೀರಾವರಿ ಪೈಪು). ಬುಡದಿಂದ ದೂರ ಡ್ರಿಪ್ಪರ್ ಇಟ್ಟಿದ್ದೀವಿ. ಒಂದು ಗಿಡವೂ ಹೋಗಿಲ್ಲ.

ಚಳ್ಳಕೆರೆ ರೈತ: ಡ್ರಿಪ್ಪರ್ ಗಂಟೆಗೆ ಎಷ್ಟು ಲೀಟರಿನದು?

ಜಗಳೂರು: 4.

ಹಿರಿಯೂರು ತೋಟ: ನಾಲ್ಕನ್ನೂ ಕಿತ್ತು ಸುಟ್ಟೆ. ಐದನೆಯದರಲ್ಲಿ ಒಂದು ಕೊಂಬೆ ಮಾತ್ರ ಹಳದಿ, ಉಳಿದದ್ದು ಹಸಿರು. ಎಣಿಸಿದೆ, 63 ಕಾಯಿ ಇವೆ. ಬುಡಕ್ಕೆ ಸುರಿದು ಕಾಯಲಾ, ಇದನ್ನೂ ಕೀಳಲಾ?